ಕಷ್ಟದ ಸಬ್ಜೆಕ್ಟ್ ಮೊದಲು ಓದಬೇಕಾ, ಸುಲಭದ್ದು ಮೊದಲಾ?

ನೀವು ಕೇಳಿರುವುದು ಇಷ್ಟು. ಇಂಜಿನಿಯರಿಂಗ್ ಮೂರನೇ ಸೆಮಿಸ್ಟರ್, ಇಸಿ (ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಷನ್) ಬ್ರಾಂಚ್. ಮ್ಯಾಥ್ಸ್ ಮತ್ತು ನೆಟ್‌ವರ್ಕ್ ಅನಾಲಿಸಿಸ್ (ಸರ್ಕ್ಯೂಟ್ ಲೆಕ್ಕಗಳ ಸಬ್ಜೆಕ್ಟ್) ತಲೆಗೆ ಹತ್ತುತ್ತಿಲ್ಲ, ಉಳಿದವು ಪರವಾಗಿಲ್ಲ. ಸುಲಭದ್ದನ್ನು ಮುಗಿಸಿಕೊಂಡು ಧೈರ್ಯ ಬಂದಮೇಲೆ ಕಷ್ಟದ್ದಕ್ಕೆ ಕೈ ಹಾಕು ಅನ್ನುತ್ತಾರೆ ಸ್ನೇಹಿತರು. ಕಷ್ಟದ್ದೇ ಮೊದಲು ಅನ್ನುತ್ತಾರೆ ಲೆಕ್ಚರರ್. ಯಾರ ಮಾತು ಕೇಳಲಿ ಅಂತ ಕೇಳಿದ್ದೀರಿ.

ಕಷ್ಟದ್ದನ್ನು ಮೊದಲು ಶುರು ಮಾಡಿ. ಆದರೆ ಮೊದಲು ಮುಗಿಸಲು ಹೋಗಬೇಡಿ. ಶುರು ಮಾಡುವುದು ಬೇರೆ, ಮುಗಿಸುವುದು ಬೇರೆ. ನನಗೆ ಇದು ಅರ್ಥವಾಗಲು ಎರಡು ಸೆಮಿಸ್ಟರ್ ಹಿಡಿಯಿತು.

ನಾನು ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ. ಆಮೇಲೆ ಡಿಪ್ಲೊಮಾ ಮಾಡಿ, 2012ರಲ್ಲಿ ಲ್ಯಾಟರಲ್ ಎಂಟ್ರಿಯಲ್ಲಿ ನೇರವಾಗಿ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಮೂರನೇ ಸೆಮಿಸ್ಟರ್‌ಗೆ ಬಂದೆ. ಕ್ಲಾಸಿನ ಉಳಿದವರೆಲ್ಲ ಪಿಯುಸಿ ಮಾಡಿ, ಮೊದಲ ಎರಡು ಸೆಮಿಸ್ಟರ್‌ಗಳ ಮ್ಯಾಥ್ಸ್ ಪೇಪರ್‌ಗಳಾದ ಎಂ1, ಎಂ2 ಬರೆದು ಬಂದವರು. ನಮಗೆ ಅದನ್ನು ಸರಿದೂಗಿಸಲು ಡಿಪ್ ಮ್ಯಾಥ್ಸ್ ಅಂತ ಬೇರೆ ಪೇಪರ್ ಇತ್ತು. ಆದರೆ ಅದು ನಡೆಯುವುದು ಎಂ3 ಜೊತೆ ಜೊತೆಗೇ. ಮೆಟ್ಟಿಲು ಕಟ್ಟುತ್ತಲೇ ಹತ್ತಬೇಕಾದ ಪರಿಸ್ಥಿತಿ.

ಆ ಸೆಮಿಸ್ಟರ್‌ನಲ್ಲಿ ನಾನು ನಿಮ್ಮ ಸ್ನೇಹಿತರು ಹೇಳಿದ ದಾರಿಯನ್ನೇ ಹಿಡಿದೆ. ಲಾಜಿಕ್ ಡಿಸೈನ್ ನನಗೆ ಡಿಪ್ಲೊಮಾದಲ್ಲೇ ಪರಿಚಯ. ಎಲೆಕ್ಟ್ರಾನಿಕ್ ಇನ್‌ಸ್ಟ್ರುಮೆಂಟೇಷನ್ ಓದಿದರೆ ಬರುವಂಥದ್ದು. ಇವೆರಡನ್ನೂ ನೀಟಾಗಿ ನೋಟ್ಸ್ ಮಾಡಿ, ಎರಡೆರಡು ಸಲ ಓದಿದೆ. ಓದುತ್ತಿದ್ದೇನೆ ಅನ್ನುವ ಸಮಾಧಾನ ಇತ್ತು. ಎಂ3 ಮತ್ತು ಫೀಲ್ಡ್ ಥಿಯರಿ ಮಾತ್ರ ‘ನಾಳೆ’ ಆಗುತ್ತಲೇ ಹೋದವು. ಎಂ3ಗೆ ಕೊನೆಗೆ ಉಳಿದದ್ದು ನಾಲ್ಕು ದಿನ. ಬಿಡಿಸಿದ ಲೆಕ್ಕಗಳನ್ನು ಕಥೆ ಓದಿದ ಹಾಗೆ ಓದಿಕೊಂಡು ಹೋದೆ. ಪಾಸಾಗಲು ನೂರಕ್ಕೆ 35 ಬೇಕು, ಬಂದದ್ದು 28. ಫೀಲ್ಡ್ ಥಿಯರಿ ಹೇಗೋ ದಾಟಿತು.

ಮುಂದಿನ ಸೆಮಿಸ್ಟರ್ ಪೂರ್ತಿ ಉಲ್ಟಾ ಹೊಡೆದೆ. ಎಂ3 ಬ್ಯಾಕ್, ಅಂದರೆ ಫೇಲಾದದ್ದನ್ನು ಮತ್ತೆ ಬರೆಯಬೇಕು, ಜೊತೆಗೆ ಎಂ4. ಬೆಳಗ್ಗೆಯಿಂದ ರಾತ್ರಿವರೆಗೆ ಬರೀ ಮ್ಯಾಥ್ಸ್. ಇದು ಮುಗಿಯುವವರೆಗೆ ಬೇರೆ ಪುಸ್ತಕ ಮುಟ್ಟುವುದಿಲ್ಲ ಅಂತ ಹಟ. ಹನ್ನೆರಡು ದಿನ ಆದಮೇಲೆ ತಲೆ ಓಡುವುದೇ ನಿಂತುಹೋಯಿತು. ಎರಡು ಮ್ಯಾಥ್ಸೂ ಪಾಸಾದವು ನಿಜ. ಆದರೆ ನನ್ನ ಕೈಗೆ ಸಲೀಸಾಗಿ ಸಿಗಬೇಕಾಗಿದ್ದ ಮೈಕ್ರೋಕಂಟ್ರೋಲರ್ಸ್‌ನಲ್ಲಿ ಬರೀ ಪಾಸ್ ಮಾರ್ಕ್ಸ್ ಬಂತು. ಇವತ್ತಿಗೂ ಆ ಮಾರ್ಕ್ಸ್ ಕಾರ್ಡ್ ನೋಡಿದರೆ ಬೇಜಾರಾಗುತ್ತದೆ.

ಆ ಹನ್ನೆರಡು ದಿನಗಳ ಮಧ್ಯೆ ಒಂದು ರಾತ್ರಿ ನಡೆದದ್ದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಅಲ್ಲೇ ಇದೆ ಅಂತ ನನಗನ್ನಿಸುತ್ತದೆ.

ಫೋರಿಯರ್ ಸೀರೀಸ್ ಲೆಕ್ಕ, ಅಂದರೆ ಒಂದು ಫಂಕ್ಷನ್ ಅನ್ನು ಸೈನ್, ಕಾಸ್‌ಗಳ ಮೊತ್ತವಾಗಿ ಬರೆಯುವುದು. ಎಕ್ಸ್ ಸ್ಕ್ವೇರ್ ಅನ್ನು ಮೈನಸ್ ಪೈನಿಂದ ಪೈವರೆಗೆ ಸೀರೀಸ್ ಆಗಿ ಬರೆಯಬೇಕು. ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಬರುವ ಲೆಕ್ಕ. ಇಂಟಿಗ್ರೇಷನ್ ಬೈ ಪಾರ್ಟ್ಸ್ ಮಾಡಿ ಲಿಮಿಟ್ ಹಾಕುವವರೆಗೆ ಬರುತ್ತಿತ್ತು. ಅಲ್ಲಿ ‘ಕಾಸ್ ಎನ್ ಪೈ’ ಅಂತ ಒಂದು ಪದ ಉಳಿಯುತ್ತದೆ. ಪುಸ್ತಕದ ಮುಂದಿನ ಸಾಲಿನಲ್ಲಿ ಅದು ಇದ್ದಕ್ಕಿದ್ದ ಹಾಗೆ ಮೈನಸ್ ಒಂದರ ಎನ್ ಘಾತ ಆಗಿಬಿಡುತ್ತಿತ್ತು. ಯಾಕೆ ಅಂತ ಪುಸ್ತಕ ಹೇಳುವುದಿಲ್ಲ. ನಾನು ಆ ಸಾಲನ್ನು ಬಾಯಿಪಾಠ ಮಾಡುತ್ತಿದ್ದೆ. ಲೆಕ್ಕ ಸ್ವಲ್ಪ ಬದಲಾದರೆ ಅಲ್ಲೇ ಸಿಕ್ಕಿಬೀಳುತ್ತಿದ್ದೆ.

ಹಾಸನದಲ್ಲಿ ನಮ್ಮ ಪಕ್ಕದ ರೂಮಿನಲ್ಲಿ ಒಬ್ಬ ಸೀನಿಯರ್ ಇದ್ದರು. ರಾತ್ರಿ ಊಟ ಮುಗಿಸಿ ಬಂದವರು ನನ್ನ ಹಾಳೆ ನೋಡಿ ಅಲ್ಲೇ ಕೂತರು.

‘ಕಾಸ್ ಪೈ ಎಷ್ಟು?’
‘ಮೈನಸ್ ಒಂದು.’
‘ಕಾಸ್ ಟೂ ಪೈ?’
‘ಒಂದು.’
‘ತ್ರೀ ಪೈ?’
‘ಮೈನಸ್ ಒಂದು.’
‘ಹಂಗಾದ್ರೆ ಎನ್ ಪೈ?’

ಅವರು ಮುಂದೆ ಏನೂ ಹೇಳಲಿಲ್ಲ. ನಾನೇ ಬರೆದೆ. ಬೆಸ ಸಂಖ್ಯೆಗೆ ಮೈನಸ್, ಸಮ ಸಂಖ್ಯೆಗೆ ಪ್ಲಸ್. ಅಷ್ಟೇ ಅದು. ಆಮೇಲೆ ಅವರು ‘ಈಗ ಎಕ್ಸ್ ಜಾಗದಲ್ಲಿ ಪೈ ಹಾಕು’ ಅಂದರು. ಹಾಕಿದೆ. ಒಂದು, ನಾಲ್ಕನೇ ಒಂದು, ಒಂಬತ್ತನೇ ಒಂದು, ಹದಿನಾರನೇ ಒಂದು, ಹೀಗೆ ಕೂಡುತ್ತಲೇ ಹೋದರೆ ಪೈ ಸ್ಕ್ವೇರ್ ಬೈ ಆರು ಬರುತ್ತದೆ! 1730ರ ದಶಕದಲ್ಲಿ ಆಯ್ಲರ್ ಇದನ್ನು ಬೇರೆ ದಾರಿಯಲ್ಲಿ ಕಂಡುಹಿಡಿದಾಗ ಯೂರೋಪಿನ ಗಣಿತಜ್ಞರೆಲ್ಲ ಬೆರಗಾಗಿದ್ದರಂತೆ. ಆ ರಾತ್ರಿ ನನಗೂ ಹಾಗೇ ಆಯಿತು. ಎಲ್ಲೂ ವೃತ್ತ ಇಲ್ಲದ ಕಡೆ ಪೈ ಬಂದು ಕೂತಿದೆಯಲ್ಲ ಅಂತ.

ಆರು ತಿಂಗಳು ನಾನು ‘ಎಂ3 ಕಷ್ಟ’ ಅಂತ ಹೇಳಿಕೊಂಡು ತಿರುಗಿದ್ದೆ. ಫೋರಿಯರ್ ಸೀರೀಸ್‌ನಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಆ ಒಂದು ಸಾಲು. ಅದು ಕೂಡ ಫೋರಿಯರ್‌ದಲ್ಲ, ಹಳೆಯ ತ್ರಿಕೋನಮಿತಿಯದು.

ಅದಕ್ಕೇ ಯಾವುದು ಮೊದಲು ಅಂತ ತೀರ್ಮಾನಿಸುವುದಕ್ಕಿಂತ ಮುಂಚೆ, ಕಷ್ಟ ಎಲ್ಲಿದೆ ಅಂತ ಬೆರಳಿಟ್ಟು ತೋರಿಸಲು ಆಗುತ್ತಾ ನೋಡಿ. ಒಂದು ಹಳೆ ಪ್ರಶ್ನೆಪತ್ರಿಕೆ ತೆಗೆದುಕೊಳ್ಳಿ. ಪುಸ್ತಕ ನೋಡದೆ ಒಂದು ನೆಟ್‌ವರ್ಕ್ ಲೆಕ್ಕ ಶುರು ಮಾಡಿ. ಎಲ್ಲಿ ನಿಲ್ಲುತ್ತೀರಿ? ಲೂಪ್ ಸಮೀಕರಣ ಬರೆಯುವಾಗ ಪ್ಲಸ್, ಮೈನಸ್ ತಪ್ಪುತ್ತಾ? ಸಮೀಕರಣ ಸರಿ ಇದ್ದೂ ಅದನ್ನು ಬಿಡಿಸಲು ಆಗುತ್ತಿಲ್ಲವಾ? ಕಾಂಪ್ಲೆಕ್ಸ್ ನಂಬರ್ ಬಂದ ಕೂಡಲೇ ಗೊಂದಲ ಆಗುತ್ತಾ? ಲಾಪ್ಲಾಸ್ ಟ್ರಾನ್ಸ್‌ಫಾರ್ಮ್ ಬಂದಾಗಲಾ? ಇವು ನಾಲ್ಕೂ ಬೇರೆ ಬೇರೆ ಕಾಯಿಲೆ, ಮದ್ದೂ ಬೇರೆ ಬೇರೆ. ಮೊದಲ ಮೂರಕ್ಕೆ ಒಂದೊಂದು ಭಾನುವಾರ ಕೂತರೆ ಬಹಳ ಮಟ್ಟಿಗೆ ಸರಿಹೋಗುತ್ತದೆ. ಲಾಪ್ಲಾಸ್‌ಗೆ ಜಾಸ್ತಿ ದಿನ ಬೇಕು.

ಈಗ ಶುರು ಮಾಡುವ ಮಾತಿಗೆ ಬರುತ್ತೇನೆ. ಹೆಸರುಕಾಳು ಬೇಕಾದಾಗ ತೊಳೆದು ಒಲೆಗಿಟ್ಟರೂ ಬೇಯುತ್ತದೆ. ಕಡಲೆಕಾಳಿಗೆ ಹಿಂದಿನ ರಾತ್ರಿಯೇ ನೀರು ಹಾಕಬೇಕು. ನೀರು ಹಾಕಿದಮೇಲೆ ಅದರ ಮುಂದೆ ಯಾರೂ ಕೂತಿರುವುದಿಲ್ಲ ಅಲ್ವಾ? ಬೇರೆ ಕೆಲಸ ಮಾಡುತ್ತೇವೆ, ಮಲಗುತ್ತೇವೆ, ಅದರ ಪಾಡಿಗೆ ಅದು ನೆನೆಯುತ್ತದೆ. ಕಷ್ಟದ ಸಬ್ಜೆಕ್ಟೂ ಹಾಗೇ. ಇವತ್ತು ಅರ್ಧಕ್ಕೆ ನಿಂತ ಲೆಕ್ಕ ನಾಳೆ ಬೆಳಗ್ಗೆ ಸುಲಭವಾಗಿ ಕಾಣುವುದು ನಿಮಗೂ ಅನುಭವಕ್ಕೆ ಬಂದಿರುತ್ತದೆ. ಜರ್ಮನಿಯ ಎಬಿಂಗ್‌ಹೌಸ್ ಎಂಬ ವಿಜ್ಞಾನಿ, ಒಂದೇ ಸಲ ಕೂರುವುದಕ್ಕಿಂತ ದಿನಗಳಿಗೆ ಹಂಚಿಕೊಂಡರೆ ಲಾಭ ಅನ್ನುವುದನ್ನು 1885ರಲ್ಲೇ ತನ್ನ ಮೇಲೆ ತಾನೇ ಪ್ರಯೋಗ ಮಾಡಿ ತೋರಿಸಿದ್ದರು. ಅರ್ಥವಿಲ್ಲದ ಅಕ್ಷರಗಳ ಸಾಲುಗಳನ್ನು ಅವರು ಬಾಯಿಪಾಠ ಮಾಡುತ್ತಿದ್ದರು. ಒಂದೇ ದಿನ ಕೂತು 68 ಸಲ ಹೇಳಿದ್ದಕ್ಕೆ ಸಿಕ್ಕ ಫಲ, ಮೂರು ದಿನಕ್ಕೆ ಹಂಚಿಕೊಂಡರೆ 38 ಸಲಕ್ಕೇ ಸಿಕ್ಕಿತು. ನನ್ನ ಹನ್ನೆರಡು ದಿನದ ಹಟ ಎಷ್ಟು ದುಬಾರಿಯಾಗಿತ್ತು ಅಂತ ಇದನ್ನು ಓದಿದಾಗ ಗೊತ್ತಾಯಿತು.

ಐದನೇ ಸೆಮಿಸ್ಟರ್‌ನಿಂದ ನಾನು ಮಾಡಿದ್ದು ಹೀಗೆ. ಬೆಳಗ್ಗೆ ಎದ್ದು ಮುಖ ತೊಳೆದ ಕೂಡಲೇ ನಲವತ್ತೈದು ನಿಮಿಷ ಆಗಿನ ಕಷ್ಟದ ಸಬ್ಜೆಕ್ಟ್, ಡಿಎಸ್‌ಪಿ (ಡಿಜಿಟಲ್ ಸಿಗ್ನಲ್ ಪ್ರೊಸೆಸಿಂಗ್). ಒಂದು ಅಥವಾ ಎರಡು ಲೆಕ್ಕ, ಬಿಳಿ ಹಾಳೆಯ ಮೇಲೆ, ಉತ್ತರ ನೋಡದೆ. ಬರಲಿಲ್ಲ ಅಂದರೆ ನಿಂತ ಜಾಗಕ್ಕೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ ಎದ್ದುಬಿಡುತ್ತಿದ್ದೆ. ಕಾಲೇಜಿನಲ್ಲಿ ಯಾರನ್ನಾದರೂ ಕೇಳುತ್ತಿದ್ದೆ. ಸಂಜೆ ಬಂದು ಸುಸ್ತಾಗಿದ್ದಾಗ ಮ್ಯಾನೇಜ್‌ಮೆಂಟ್ ಥರದ ಓದುವ ಸಬ್ಜೆಕ್ಟ್. ಸುಸ್ತಾದ ತಲೆಗೆ ಅದು ಹಿಡಿಸುತ್ತದೆ, ಡಿಎಸ್‌ಪಿ ಹಿಡಿಸುವುದಿಲ್ಲ. ದಿನದಲ್ಲಿ ಕಷ್ಟದ್ದು ಮೊದಲು, ಆದರೆ ಸ್ವಲ್ಪವೇ. ಅದೂ ತಪ್ಪದೆ.

ಕಷ್ಟದ್ದನ್ನು ಮೊದಲು ಶುರು ಮಾಡಿ ಅನ್ನಲು ಇನ್ನೊಂದು ಕಾರಣ ಇದೆ. ಇಸಿಯಲ್ಲಿ ನಿಮಗೆ ಕಷ್ಟ ಅನ್ನಿಸುತ್ತಿರುವ ಈ ಎರಡೇ ಬೇರು. ಫೋರಿಯರ್ ಮತ್ತು ಝಡ್ ಟ್ರಾನ್ಸ್‌ಫಾರ್ಮ್ ಮೊದಲು ಮ್ಯಾಥ್ಸ್‌ನಲ್ಲಿ ಬರುತ್ತವೆ, ಆಮೇಲೆ ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್‌ನಲ್ಲಿ, ಆಮೇಲೆ ಡಿಎಸ್‌ಪಿಯಲ್ಲಿ. ಲಾಪ್ಲಾಸ್ ನೆಟ್‌ವರ್ಕ್‌ನಿಂದ ಕಂಟ್ರೋಲ್ ಸಿಸ್ಟಮ್ಸ್‌ವರೆಗೆ ಬೆನ್ನು ಹತ್ತುತ್ತದೆ. ಈಗ ಬದಿಗಿಟ್ಟರೆ ಮುಂದಿನ ವರ್ಷ ಎರಡು ಸಬ್ಜೆಕ್ಟ್ ಮೂರಾಗಿ ನಿಲ್ಲುತ್ತವೆ.

ಪರೀಕ್ಷೆಯ ಪ್ಯಾಟರ್ನ್ ಕೂಡ ಬದಲಾಗಿದೆ. ನಮ್ಮ ವಿಟಿಯು 2010ರ ಸ್ಕೀಮಿನಲ್ಲಿ, ಅಂದರೆ ಆಗಿನ ಪಠ್ಯಕ್ರಮದಲ್ಲಿ, ಎಂಟು ಯೂನಿಟ್, ಎಂಟು ಪ್ರಶ್ನೆ, ಐದಕ್ಕೆ ಉತ್ತರ ಬರೆದರೆ ಸಾಕು. ಎರಡು ಭಾಗದಿಂದಲೂ ಕನಿಷ್ಠ ಎರಡೆರಡು ಇರಬೇಕಿತ್ತು ಅಷ್ಟೇ. ಕಷ್ಟದ ಎರಡು ಯೂನಿಟ್ ಬಿಟ್ಟರೂ ನಡೆಯುತ್ತಿತ್ತು. 2015ರ ಸ್ಕೀಮಿನಿಂದ ಐದು ಮಾಡ್ಯೂಲ್ ಬಂತು, ಪ್ರತಿ ಮಾಡ್ಯೂಲ್‌ನಿಂದಲೂ ಒಂದು ಬರೆಯಲೇಬೇಕು. ಒಂದು ಮಾಡ್ಯೂಲ್ ಕೈಬಿಟ್ಟರೆ ಐದನೇ ಒಂದು ಭಾಗ ಮಾರ್ಕ್ಸ್ ಬರೆಯುವ ಮುಂಚೆಯೇ ಹೋಯಿತು. ಇನ್ನು 2022ರ ಸ್ಕೀಮಿನಲ್ಲಿ ಇಂಟರ್ನಲ್ಸ್‌ಗೇ (ಸೆಮಿಸ್ಟರ್ ನಡುವೆ ಕಾಲೇಜೇ ಕೊಡುವ ಮಾರ್ಕ್ಸ್) ನೂರಕ್ಕೆ 50. ಹಾಗಾಗಿ ಸುಲಭದ ಸಬ್ಜೆಕ್ಟನ್ನೂ ‘ಆಮೇಲೆ ನೋಡಿದರಾಯಿತು’ ಅಂತ ಬಿಡುವ ಹಾಗಿಲ್ಲ.

ಸ್ನೇಹಿತರ ಮಾತು ಪೂರ್ತಿ ತಪ್ಪು ಅಂತಲೂ ನಾನು ಹೇಳುವುದಿಲ್ಲ. ಪರೀಕ್ಷೆಯ ಹಾಲ್‌ನಲ್ಲಿ ಅವರೇ ಸರಿ. ಅಲ್ಲಿ ಗೊತ್ತಿರುವ ಪ್ರಶ್ನೆಯಿಂದಲೇ ಶುರು ಮಾಡಿ. ಮೂರು ಗಂಟೆಗೆ ಐದು ಪ್ರಶ್ನೆ ಅಂದರೆ ಒಂದಕ್ಕೆ 36 ನಿಮಿಷ. ಕಷ್ಟದ್ದರಲ್ಲಿ ಒಂದು ಗಂಟೆ ಕಳೆದರೆ ಗೊತ್ತಿರುವುದಕ್ಕೂ ಟೈಮ್ ಸಿಗುವುದಿಲ್ಲ. ಪರೀಕ್ಷೆಗೆ ನಾಲ್ಕೇ ದಿನ ಉಳಿದು ಕಷ್ಟದ್ದು ಏನೂ ಆಗಿಲ್ಲ ಅಂದರೆ, ಆಗಲೂ ಆ ಸಬ್ಜೆಕ್ಟಿನ ಒಳಗೇ ಸುಲಭದ್ದನ್ನು ಹುಡುಕಿ. ಮ್ಯಾಥ್ಸ್‌ನಲ್ಲಿ ಕರ್ವ್ ಫಿಟ್ಟಿಂಗ್ (ಕೊಟ್ಟ ಬಿಂದುಗಳಿಗೆ ಹೊಂದುವ ಗೆರೆ ಹುಡುಕುವುದು) ಥರದ್ದು ಟೇಬಲ್ ಹಾಕಿ ಕ್ಯಾಲ್ಕುಲೇಟರ್ ಒತ್ತಿದರೆ ಬರುತ್ತದೆ. ನನ್ನ ಬ್ಯಾಕ್ ಪೇಪರ್ ಪಾಸಾಗಲು ಅದರ ಪಾಲೂ ಇದೆ.

ಪುಸ್ತಕ ತೆಗೆಯಲೂ ಮನಸ್ಸಿಲ್ಲದ ದಿನ ಬರುತ್ತದೆ. ಅಂಥ ದಿನ ಸುಲಭದ್ದನ್ನೇ ಇಪ್ಪತ್ತು ನಿಮಿಷ ಓದಿ, ಆಮೇಲೆ ಒಂದೇ ಒಂದು ಕಷ್ಟದ ಲೆಕ್ಕ ಮಾಡಿ. ಅಷ್ಟು ಸಾಕು. ಆ ದಿನ ಖಾಲಿ ಹೋಗಬಾರದು ಅಷ್ಟೇ.

ಇವತ್ತು ರಾತ್ರಿ ಒಂದು ನೆಟ್‌ವರ್ಕ್ ಲೆಕ್ಕ ತೆಗೆದುಕೊಂಡು ಕೂತು ನೋಡಿ. ಯಾವ ಸಾಲಿನಲ್ಲಿ ನಿಂತಿರಿ ಅಂತ ನನಗೆ ಬರೆಯಿರಿ. ಲೂಪ್, ನೋಡ್, ಥೆವೆನಿನ್, ಸರ್ಕ್ಯೂಟ್ ಬಿಡಿಸುವ ವಿಧಾನ ಯಾವುದೇ ಇರಲಿ, ಗೊತ್ತಿದ್ದರೆ ಖಂಡಿತ ಬಿಡಿಸಿ ಹೇಳುತ್ತೇನೆ.