ಚೆರ್ರಿ ಕ್ಯಾಪ್ಸೂಲ್ ತಗೊಂಡರೆ ಕಾಲು ನೋವು ಹೋಗುತ್ತಾ?

ಪ್ರಶ್ನೆ: ಮೇಡಂ, ನನಗೆ 43 ವರ್ಷ, ಊರು ಬೆಳಗಾವಿ, ಪುಣೆಯಲ್ಲಿ ಕೆಲಸ. ಈ ವರ್ಷ 200 ಕಿ.ಮೀ. ಬಿಆರ್‌ಎಂ (ನಿಗದಿತ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ) ಮಾಡಿದೆ. ಹೋಗುವಾಗ ಖಂಬಾಟ್ಕಿ ಘಾಟ್ ಸರಾಗವಾಗಿ ಹತ್ತಿದೆ, ವಾಪಸ್ ಬರುವಾಗ ಕಾತ್ರಜ್ ಹತ್ತಿರ ತೊಡೆ ಹಿಡಿದುಕೊಂಡಿತು. ಆಮೇಲೆ ಮೂರು ದಿನ ಮೆಟ್ಟಿಲು ಇಳಿಯಲು ಆಗಲಿಲ್ಲ. ಸೈಕಲ್ ಅಂಗಡಿಯವರು ಚೆರ್ರಿ ಕ್ಯಾಪ್ಸೂಲ್ ತಗೊಳ್ಳಿ ಅಂದರು, ಡಬ್ಬಿಗೆ 2,400 ರೂಪಾಯಿ. ಜೊತೆಗೆ ದಿನಾ ವಿಟಮಿನ್ ಸಿ ಮಾತ್ರೆ ಎರಡು ಅಂತೆ. ತಗೊಳ್ಳಲಾ?
– ಕೊತ್ರುಡ್, ಪುಣೆ

ಉತ್ತರ: ಡಬ್ಬಿ ಆಮೇಲೆ ನೋಡೋಣ. ಆ ದಿನ ದಾರಿಯಲ್ಲಿ ಏನು ತಿಂದಿರಿ ಅಂತ ನೀವು ಬರೆದೇ ಇಲ್ಲ! ಇಂಥ ಪತ್ರ ಬರೆಯುವವರಲ್ಲಿ ಹೆಚ್ಚಿನವರು ಬೆಳಿಗ್ಗೆ ಪೋಹೆ, ಮಧ್ಯೆ ಎರಡು ಚಹಾ, ಒಂದು ವಡಾಪಾವ್ ಅನ್ನುತ್ತಾರೆ. ಅಷ್ಟರಲ್ಲಿ 200 ಕಿ.ಮೀ. ಆಗುವುದಿಲ್ಲ. ತಾಸುಗಟ್ಟಲೆ ಸೈಕಲ್ ತುಳಿಯುವಾಗ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಹೊಟ್ಟೆಗೆ ಹೋಗಬೇಕು. ಹಸಿವಾದ ಮೇಲೆ ಅಲ್ಲ, ಮೊದಲ ಗಂಟೆಯಿಂದಲೇ.

ಹಣ್ಣು ನಿಜವಾಗಿ ಕೆಲಸಕ್ಕೆ ಬರುವುದು ಇಲ್ಲಿ. ಒಂದು ಮಧ್ಯಮ ಗಾತ್ರದ ಬಾಳೆಹಣ್ಣಿನಲ್ಲಿ ಸುಮಾರು 27 ಗ್ರಾಂ ಸಿಗುತ್ತದೆ. ಅಮೆರಿಕದಲ್ಲಿ 14 ಮಂದಿ ಪಳಗಿದ ಸೈಕ್ಲಿಸ್ಟ್‌ಗಳನ್ನು 75 ಕಿ.ಮೀ. ಓಡಿಸಿ ನೋಡಿದ್ದಾರೆ, ಒಮ್ಮೆ ನೀರಿನ ಜೊತೆ ಬಾಳೆಹಣ್ಣು, ಇನ್ನೊಮ್ಮೆ ಸ್ಪೋರ್ಟ್ಸ್ ಡ್ರಿಂಕ್. 2012ರಲ್ಲಿ ಅದರ ಫಲಿತಾಂಶ ಬಂತು, ಸಮಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಪುಣೆಯಲ್ಲಿ ಸಿಗುವ ಜಳಗಾವ್ ಬಾಳೆ ಸಾಕು. ಊರಿಂದ ಯಾಲಕ್ಕಿ ಬಾಳೆ ತಂದಿದ್ದರೆ ಒಂದರ ಬದಲು ಎರಡು ತಿನ್ನಿ. ಜೆರ್ಸಿ ಜೇಬಲ್ಲಿ ಬಾಳೆಹಣ್ಣು ಮಧ್ಯಾಹ್ನದ ಹೊತ್ತಿಗೆ ಜಜ್ಜಿ ಕಪ್ಪಾಗುತ್ತೆ, ಅದಕ್ಕೆ ದೂರದ ದಾರಿಗೆ ಖರ್ಜೂರ ಒಳ್ಳೆಯದು. ಮನೆಯಲ್ಲೇ ಬೀಜ ತೆಗೆದು, ಚಿಟಿಕೆ ಉಪ್ಪು ಸವರಿ, ಒಂದೊಂದನ್ನೇ ಬಟರ್ ಪೇಪರ್‌ನಲ್ಲಿ ಸುತ್ತಿಟ್ಟುಕೊಳ್ಳಿ. ಒಂದು ಕೈ ಹ್ಯಾಂಡಲ್ ಮೇಲಿದ್ದಾಗ ಬೀಜ ಉಗಿಯುವ ಕಸರತ್ತು ಬೇಡ.

ಇನ್ನು ತೊಡೆ ಹಿಡಿದದ್ದು. ಬಾಳೆಹಣ್ಣಿನಲ್ಲಿ ಪೊಟ್ಯಾಶಿಯಂ ಇದೆ, ಸೆಳೆತ ಬರಲ್ಲ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಬೆವರಿನಲ್ಲಿ ಜಾಸ್ತಿ ಹೋಗುವುದು ಸೋಡಿಯಂ, ಅದು ಬಾಳೆಹಣ್ಣಿನಲ್ಲಿ ಇಲ್ಲವೇ ಇಲ್ಲ ಅನ್ನಬಹುದು. ಉಪ್ಪೊಂದೇ ಕಾರಣ ಅಂತಲೂ ಅಲ್ಲ. ಸುಸ್ತಾದ ಸ್ನಾಯು, ಅಭ್ಯಾಸಕ್ಕಿಂತ ಜೋರಾಗಿ ತುಳಿದದ್ದು, ಇವೂ ಸೆಳೆತ ತರುತ್ತವೆ (ಖಂಬಾಟ್ಕಿ ಸರಾಗವಾಗಿ ಹತ್ತಿದೆ ಅಂದಿರಲ್ಲ, ನನಗೆ ಅನುಮಾನ ಅಲ್ಲೇ). ಹೆಲ್ಮೆಟ್ ಪಟ್ಟಿ ಒಣಗಿದ ಮೇಲೆ ಬಿಳಿ ಗೆರೆ ಕಾಣುತ್ತಾ ನೋಡಿ. ಕಂಡರೆ ನಿಮ್ಮ ಬೆವರಲ್ಲಿ ಉಪ್ಪು ಜಾಸ್ತಿ. ಕೋಕಂ, ಅದೇ ನಮ್ಮ ಪುನರ್ಪುಳಿ, ಅಲ್ಲಿ ಬೇಕಾದಷ್ಟು ಸಿಗುತ್ತೆ. ಅರ್ಧ ಲೀಟರ್ ನೀರಿಗೆ ಕೋಕಂ ನೆನೆಸಿದ ರಸ, ಆರು ಟೀ ಚಮಚ ಸಕ್ಕರೆ, ಕಾಲು ಚಮಚ ಉಪ್ಪು. ಇದೊಂದು ಬಾಟಲಿ, ಜೊತೆಗೆ ಒಂದು ಬಾಳೆಹಣ್ಣು, ಒಂದು ಗಂಟೆಯ ಲೆಕ್ಕ ಮುಗಿಯಿತು. ಬಿಪಿ ಇದ್ದರೆ ಮಾತ್ರ ಉಪ್ಪಿನ ವಿಷಯ ಡಾಕ್ಟರನ್ನು ಕೇಳಿ.

ಈಗ ಚೆರ್ರಿ. ಅದು ಪೂರ್ತಿ ಬೊಗಳೆ ಅಲ್ಲ. ಮಿಶಿಗನ್ ಕಡೆ ಬೆಳೆಯುವ ಮಾಂಟ್‌ಮೊರೆನ್ಸಿ ಅನ್ನುವ ಹುಳಿ ಚೆರ್ರಿ ಅದು. ಬೇಕರಿ ಕೇಕ್ ಮೇಲಿನ ಕೆಂಪು ಚೆರ್ರಿ ಅಲ್ಲ, ಅದು ಸಾಮಾನ್ಯವಾಗಿ ಬಣ್ಣ ಹಾಕಿ ಸಕ್ಕರೆಯಲ್ಲಿ ಅದ್ದಿದ ಕವಳಿಕಾಯಿ! ಹುಳಿ ಚೆರ್ರಿಯ ಕೆಂಪು ಬಣ್ಣಕ್ಕೆ ಕಾರಣವಾದ ಆಂಥೋಸಯನಿನ್‌ಗಳು ಉರಿಯೂತ ತಗ್ಗಿಸುತ್ತವೆ. ಲಂಡನ್ ಮ್ಯಾರಥಾನ್ ಓಡಿದ 20 ಮಂದಿಯ ಮೇಲೆ ಮಾಡಿದ ಪ್ರಯೋಗ 2010ರಲ್ಲಿ ಪ್ರಕಟವಾಯಿತು. ಓಟಕ್ಕೆ ಐದು ದಿನ ಮುಂಚಿನಿಂದ, ಓಡಿದ ದಿನ, ಆಮೇಲೆ ಎರಡು ದಿನ ಈ ರಸ ಕುಡಿದವರ ಕಾಲಿನ ಶಕ್ತಿ ಬೇಗ ವಾಪಸ್ ಬಂತು. ಗಮನಿಸಿ, ಅವರು ಕುಡಿದದ್ದು ರಸ, ಅದೂ ಎಂಟು ದಿನ ಅಷ್ಟೇ. ವರ್ಷಪೂರ್ತಿ ಅಲ್ಲ. ವೇಗ ಹೆಚ್ಚುತ್ತೆ ಅಂತ ನಂಬಿ ಕೊಳ್ಳಬೇಡಿ. ದೊಡ್ಡ ರೈಡ್‌ಗೆ ಮುಂಚೆ ಪ್ರಯತ್ನ ಮಾಡಬೇಕು ಅನ್ನಿಸಿದರೆ ಮಾಡಿ, ನಾನಂತೂ ಆ ದುಡ್ಡಿಗೆ ಒಳ್ಳೆಯ ಟೈರ್ ಹಾಕಿಸುತ್ತಿದ್ದೆ.

ವಿಟಮಿನ್ ಸಿ ಮಾತ್ರೆ ಬೇಡವೇ ಬೇಡ. ದಿನಕ್ಕೆ 1 ಗ್ರಾಂ ಹಾಗೆ ವಾರಗಟ್ಟಲೆ ತಗೊಂಡರೆ ತರಬೇತಿಯಿಂದ ಸ್ನಾಯುಗಳಲ್ಲಿ ಆಗಬೇಕಾದ ಬದಲಾವಣೆಯೇ ಮಂದವಾಗಬಹುದು ಅಂತ 2008ರ ಸ್ಪೇನಿನ ಅಧ್ಯಯನ ತೋರಿಸಿದೆ. ಒಂದು ನೆಲ್ಲಿಕಾಯಿ, ಒಂದು ಪೇರಲ ತಿನ್ನಿ, ಅದಕ್ಕೇನೂ ಅಡ್ಡಿ ಇಲ್ಲ. ಮನೆಗೆ ಬಂದ ಮೇಲೆ ಹಣ್ಣಿನ ರಸ ಕುಡಿದು ಮಲಗಿಬಿಡಬೇಡಿ, ಸ್ನಾಯು ರಿಪೇರಿಗೆ 20–25 ಗ್ರಾಂ ಪ್ರೋಟೀನ್ ಬೇಕು. ಮೊಟ್ಟೆ, ಪನೀರ್, ಮೊಸರು, ನಿಮಗೆ ಒಗ್ಗುವುದು ಯಾವುದಾದರೂ ಆಗಲಿ.

ಪ್ರಶ್ನೆ: ಮಗನಿಗೆ 19, ಸೈಕಲ್ ರೇಸಿಗೆ ಹೋಗುತ್ತಾನೆ. ಹಣ್ಣಿನ ಸಾರದಿಂದ ಮಾಡಿದ್ದು, ನ್ಯಾಚುರಲ್ ಅಂತ ಒಂದು ಪುಡಿ ತಂದಿದ್ದಾನೆ. ಕುಡಿದರೆ ಎದೆ ಡವಡವ ಅನ್ನುತ್ತಂತೆ. ಭಯ ಆಗುತ್ತೆ.
– ಮಡಗಾಂವ್, ಗೋವಾ

ಉತ್ತರ: ಮೊದಲು ಅದನ್ನು ನಿಲ್ಲಿಸಿ ಅಮ್ಮಾ, ಎದೆಬಡಿತ ಮುಂದುವರಿದರೆ ಡಾಕ್ಟರಿಗೆ ತೋರಿಸಿ. ಡಬ್ಬಿಯ ಹಿಂದೆ ಬಿಟರ್ ಆರೆಂಜ್ ಅಂತ ಇದೆಯಾ ನೋಡಿ. ಆ ಕಿತ್ತಳೆಯ ಸಾರದಲ್ಲಿ ಸಿನೆಫ್ರಿನ್ ಅನ್ನುವ ಉತ್ತೇಜಕ ಇರುತ್ತದೆ, ಕೆಫೀನ್ ಜೊತೆ ಸೇರಿದರೆ ಎದೆಬಡಿತ, ಬಿಪಿ ಏರಬಹುದು. ಗಿಡದಿಂದ ಬಂದದ್ದು ಅಂದ ಮಾತ್ರಕ್ಕೆ ನಿರಪಾಯ ಅಲ್ಲ. ಹೈಜೆನಮೈನ್ ಅನ್ನುವ ಉತ್ತೇಜಕ ಕೂಡ ಗಿಡಗಳಲ್ಲೇ ಇರುವಂಥದ್ದು, ಕ್ರೀಡೆಯಲ್ಲಿ ಉದ್ದೀಪನ ಮದ್ದು ತಡೆಯುವ ವಿಶ್ವ ಸಂಸ್ಥೆ ವಾಡಾ ಅದನ್ನು ನಿಷೇಧಿಸಿದೆ. ರೇಸಿನಲ್ಲಿ ಪರೀಕ್ಷೆ ಆಗಿ ಸಿಕ್ಕಿಬಿದ್ದರೆ ಪುಡಿಯಲ್ಲಿ ಇತ್ತು, ನನಗೆ ಗೊತ್ತಿರಲಿಲ್ಲ ಅಂದರೆ ಪಾರಾಗಲು ಆಗುವುದಿಲ್ಲ, ಹೊಣೆ ಆಟಗಾರನದ್ದೇ. ಪುಡಿ ಬೇಕೇ ಬೇಕು ಅಂತ ಹಟ ಹಿಡಿದರೆ ನಿಷೇಧಿತ ವಸ್ತುಗಳಿಗಾಗಿ ಪರೀಕ್ಷಿಸಿ ಕೊಡುವ ಇನ್‌ಫಾರ್ಮ್ಡ್ ಸ್ಪೋರ್ಟ್ ಗುರುತು ಇರುವುದನ್ನೇ ತರಲಿ, ಬ್ಯಾಚ್ ನಂಬರನ್ನು ಅವರ ಪಟ್ಟಿಯಲ್ಲಿ ಹುಡುಕಿ ನೋಡಲಿ. ಖಾಲಿ ಡಬ್ಬಿಯನ್ನೂ ಎಸೆಯಬೇಡಿ, ಡಾಕ್ಟರ್ ಕೇಳಿದರೆ ತೋರಿಸಲು ಬೇಕಾಗುತ್ತದೆ.