ಪ್ರಮಾಣವಚನದಲ್ಲಿ ಪರದೇಶದ ರಾಜ ಏಕೆ ಬರುತ್ತಾನೆ?

ಪ್ರಶ್ನೆ: ನನ್ನ ಮಗಳು ಅಮೆರಿಕದ ಪೌರತ್ವ ತೆಗೆದುಕೊಂಡಳು. ಆ ಸಮಾರಂಭದ ವಿಡಿಯೊ ನೋಡಿದೆ. ಇದುವರೆಗೆ ತಾನು ಪ್ರಜೆಯಾಗಿದ್ದ ಯಾವುದೇ ಪರದೇಶದ ರಾಜ, ಅಧಿಪತಿ ಅಥವಾ ರಾಜ್ಯದ ಮೇಲಿನ ನಿಷ್ಠೆಯನ್ನು ಪೂರ್ತಿಯಾಗಿ ತೊರೆಯುತ್ತೇನೆ ಎಂದು ಅವಳು ಕೈಯೆತ್ತಿ ಹೇಳಿದಳು. ಕೇಳಿ ಸಂಕಟವಾಯಿತು. ನಮಗೆ ಈಗ ರಾಜರೇ ಇಲ್ಲವಲ್ಲ, ಈ ಮಾತು ಎಲ್ಲಿಂದ ಬಂತು?
– ಓದುಗರೊಬ್ಬರು, ಮೈಸೂರು

ಉತ್ತರ: ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೆ ಆ ಮಾತನ್ನು ಬರೆದಾಗ ಅಮೆರಿಕದ ಶಾಸಕರ ಮನಸ್ಸಿನಲ್ಲಿ ಮುಖ್ಯವಾಗಿ ಇದ್ದವನು ಇಂಗ್ಲೆಂಡಿನ ದೊರೆ ಮೂರನೇ ಜಾರ್ಜ್. ಈ ಒಕ್ಕಣೆ ಪೌರತ್ವ ಕಾಯ್ದೆಗೆ ಸೇರಿದ್ದು 1795ರಲ್ಲಿ. ಆಗ ಹಳೆಯ ದೊರೆಯನ್ನು ಹೆಸರು ಹಿಡಿದೇ ತೊರೆಯಬೇಕಿತ್ತು.

ಬ್ರಿಟನ್ ಇದನ್ನು ಒಪ್ಪುತ್ತಿರಲಿಲ್ಲ. ಅಲ್ಲಿನ ಕಾನೂನಿನ ಪ್ರಕಾರ ದೊರೆಯ ನೆಲದಲ್ಲಿ ಹುಟ್ಟಿದವನು ಸಾಯುವ ತನಕ ದೊರೆಯ ಪ್ರಜೆಯೇ; ಬೇರೆ ದೇಶದಲ್ಲಿ ಯಾವ ಪ್ರಮಾಣ ಮಾಡಿದರೂ ಆ ಋಣ ಹರಿಯುವುದಿಲ್ಲ. ನೆಪೋಲಿಯನ್ನನ ಜತೆ ಯುದ್ಧ ನಡೆಯುತ್ತಿದ್ದಾಗ ಬ್ರಿಟಿಷ್ ನೌಕಾಪಡೆಗೆ ಜನ ಸಾಲುತ್ತಿರಲಿಲ್ಲ. ಹಾಗಾಗಿ ನಡುಗಡಲಿನಲ್ಲಿ ಅಮೆರಿಕದ ಹಡಗುಗಳನ್ನು ತಡೆದು, ನಾವಿಕರನ್ನು ಸಾಲಾಗಿ ನಿಲ್ಲಿಸಿ, 'ಇವನು ನಮ್ಮವನು' ಎಂದು ಎಳೆದೊಯ್ಯುತ್ತಿದ್ದರು. ಅಮೆರಿಕ 1796ರಲ್ಲಿ ತನ್ನ ನಾವಿಕರಿಗೆ 25 ಸೆಂಟ್‌ಗೆ ಒಂದು ಗುರುತುಪತ್ರ ಕೊಡತೊಡಗಿತು. ಎತ್ತರ, ಮೈಬಣ್ಣ, ಗಾಯದ ಕಲೆ ಎಲ್ಲವನ್ನೂ ಅದರಲ್ಲಿ ಬರೆದಿರುತ್ತಿತ್ತು. ಎಷ್ಟೋ ಸಲ ಬ್ರಿಟಿಷ್ ಅಧಿಕಾರಿಗಳು ಅದನ್ನು ನಂಬುತ್ತಲೇ ಇರಲಿಲ್ಲ. ಹೀಗೆ ಸಿಕ್ಕಿಬಿದ್ದ ಅಮೆರಿಕನ್ನರು ಕಡಿಮೆಯೆಂದರೂ 6,000 ಮಂದಿ ಎಂಬುದು ಇತಿಹಾಸಕಾರರ ಅಂದಾಜು.

ಬ್ರಿಟನ್ನಿನ ದೂರು ಪೂರ್ತಿ ಸುಳ್ಳೂ ಅಲ್ಲ, ಇದನ್ನು ಹೇಳಲೇಬೇಕು. ಅಮೆರಿಕದ ವ್ಯಾಪಾರಿ ಹಡಗುಗಳಲ್ಲಿ ಸಂಬಳ ಹೆಚ್ಚು, ಚಾವಟಿ ಕಡಿಮೆ. ಹಾಗಾಗಿ ಎಷ್ಟೋ ಬ್ರಿಟಿಷ್ ನಾವಿಕರು ಓಡಿಬಂದು ಅಲ್ಲಿ ಸೇರಿಕೊಂಡಿದ್ದರು. 1807ರಲ್ಲಿ ಹಣಕಾಸು ಮಂತ್ರಿ ಗ್ಯಾಲಟಿನ್ ಲೆಕ್ಕ ಹಾಕಿದಾಗ ಇಂಥವರು ಸುಮಾರು 9,000 ಎಂದು ತಿಳಿಯಿತು. ಅವರನ್ನೆಲ್ಲ ಬಿಟ್ಟುಕೊಟ್ಟರೆ ತಮ್ಮ ವ್ಯಾಪಾರವೇ ನೆಲಕಚ್ಚುತ್ತದೆ ಎಂದು ಅಧ್ಯಕ್ಷ ಜೆಫರ್ಸನ್ ಸರ್ಕಾರಕ್ಕೆ ಅರಿವಾಯಿತು.

ಅದೇ ವರ್ಷ ಜೂನ್ 22ರಂದು ವರ್ಜೀನಿಯಾದ ಕರಾವಳಿಯಾಚೆ ಬ್ರಿಟಿಷರ 'ಲೆಪರ್ಡ್' ಹಡಗು ಅಮೆರಿಕದ ಯುದ್ಧನೌಕೆ 'ಚೆಸಪೀಕ್' ಮೇಲೆ ಗುಂಡಿನ ಮಳೆಗರೆಯಿತು. 'ಚೆಸಪೀಕ್' ಹೋರಾಟಕ್ಕೆ ಸಿದ್ಧವೇ ಇರಲಿಲ್ಲ. ಒಬ್ಬ ಅಧಿಕಾರಿ ಅಡುಗೆಮನೆಯ ಕೆಂಡ ತಂದು ಒಂದೇ ಒಂದು ಫಿರಂಗಿ ಹಾರಿಸಿದ, ಅಷ್ಟೇ. ಮೂವರು ಸತ್ತರು, 18 ಮಂದಿ ಗಾಯಗೊಂಡರು. ಬ್ರಿಟಿಷರು ನಾಲ್ವರನ್ನು ಹಿಡಿದುಕೊಂಡು ಹೋದರು. ಅವರಲ್ಲಿ ಮೂವರು ಅಮೆರಿಕದವರೇ. ಜೆಫರ್ಸನ್ ಯುದ್ಧ ಸಾರುವ ಬದಲು ಹೊರದೇಶಗಳ ವ್ಯಾಪಾರವನ್ನೇ ನಿಲ್ಲಿಸಿ ಬಿಗಿ ಹಿಡಿಯಲು ನೋಡಿದರು. ಒಂದೇ ವರ್ಷದಲ್ಲಿ ರಫ್ತು 10.8 ಕೋಟಿ ಡಾಲರಿನಿಂದ 2.2 ಕೋಟಿಗೆ ಇಳಿಯಿತು. ಬ್ರಿಟನ್ ಮಣಿಯಲಿಲ್ಲ, ಬಡವಾದದ್ದು ಅಮೆರಿಕದ ಬಂದರು ಊರುಗಳೇ.

ಕೊನೆಗೆ 1812ರ ಜೂನ್ 18ರಂದು ಅಧ್ಯಕ್ಷ ಮ್ಯಾಡಿಸನ್ ಯುದ್ಧ ಘೋಷಣೆಗೆ ಸಹಿ ಹಾಕಿದರು. ಅಮೆರಿಕದ ವ್ಯಾಪಾರಕ್ಕೆ ಅಡ್ಡಗಾಲಾಗಿದ್ದ ಆಜ್ಞೆಗಳನ್ನು ಐದೇ ದಿನಗಳ ನಂತರ ಬ್ರಿಟನ್ ಹಿಂತೆಗೆದುಕೊಂಡಿತು. ಯುದ್ಧದ ಸುದ್ದಿ ಇನ್ನೂ ಕಡಲು ದಾಟಿರಲಿಲ್ಲ. ಅಲ್ಲಿಂದಾಚೆ ಮುಖ್ಯವಾಗಿ ಉಳಿದದ್ದು ನಾವಿಕರ ಜಗಳವೇ.

ಈ ಯುದ್ಧ ಎಂದರೆ ಎಲ್ಲರೂ ಬ್ರಿಟಿಷರು ರಾಜಧಾನಿ ವಾಷಿಂಗ್ಟನ್ ನಗರವನ್ನು ಸುಟ್ಟ ಕಥೆ ಹೇಳುತ್ತಾರೆ. ನನ್ನನ್ನು ಕಾಡುವುದು ಬೇರೊಂದು ಸಂಗತಿ. 1812ರ ಅಕ್ಟೋಬರಿನಲ್ಲಿ ಕೆನಡಾದ ಕ್ವೀನ್ಸ್‌ಟನ್ ಹೈಟ್ಸ್‌ನಲ್ಲಿ ಸೋತು ಸೆರೆಸಿಕ್ಕ ಅಮೆರಿಕದ ಸೈನಿಕರನ್ನು ಹಡಗಿನಲ್ಲಿ ಇಟ್ಟಿದ್ದರು. ಬ್ರಿಟಿಷ್ ಅಧಿಕಾರಿಗಳು ಒಬ್ಬೊಬ್ಬರನ್ನೇ ಮಾತನಾಡಿಸಿ, ಐರ್ಲೆಂಡಿನ ಉಚ್ಚಾರ ಕಂಡವರನ್ನು ಬೇರೆ ನಿಲ್ಲಿಸುತ್ತಿದ್ದರು; ಐರ್ಲೆಂಡ್ ಆಗ ಬ್ರಿಟಿಷ್ ದೊರೆಯ ನೆಲವೇ. ಗದ್ದಲ ಕೇಳಿ ಓಡಿಬಂದ ಅಮೆರಿಕದ ಅಧಿಕಾರಿ ವಿನ್‌ಫೀಲ್ಡ್ ಸ್ಕಾಟ್, ಉಳಿದವರು ಯಾರೂ ಬಾಯಿ ತೆರೆಯಬಾರದು ಎಂದು ಆಜ್ಞೆ ಮಾಡಿದ. ಅಷ್ಟು ಹೊತ್ತಿಗೆ 23 ಮಂದಿ ಮಾತನಾಡಿಯಾಗಿತ್ತು. ಹುಟ್ಟಿದ ಊರಿನ ನುಡಿಯೇ ಅವರಿಗೆ ಕುತ್ತಾಯಿತು. ರಾಜದ್ರೋಹದ ವಿಚಾರಣೆಗೆಂದು ಅವರನ್ನು ಇಂಗ್ಲೆಂಡಿಗೆ ಸಾಗಿಸಿದರು. ಮ್ಯಾಡಿಸನ್ ಸರ್ಕಾರ 23 ಬ್ರಿಟಿಷ್ ಸೆರೆಯಾಳುಗಳನ್ನು ಒತ್ತೆ ಇಟ್ಟುಕೊಂಡಿತು, ಬ್ರಿಟನ್ 46 ಮಂದಿಯನ್ನು ಹಿಡಿದಿಟ್ಟಿತು. ಪುಣ್ಯಕ್ಕೆ ಯಾರನ್ನೂ ನೇಣಿಗೆ ಹಾಕಲಿಲ್ಲ.

1814ರ ಡಿಸೆಂಬರ್ 24ರಂದು ಯುದ್ಧ ಮುಗಿಸುವ ಗೆಂಟ್ ಒಪ್ಪಂದವಾಯಿತು. ನಾವಿಕರ ವಿಚಾರ ಅದರಲ್ಲಿ ಒಂದು ಸಾಲೂ ಇಲ್ಲ. ನೆಪೋಲಿಯನ್ ಪದಚ್ಯುತನಾಗಿದ್ದ, ಬ್ರಿಟನ್ನಿಗೆ ಅಷ್ಟು ಜನ ಬೇಕಿರಲಿಲ್ಲ, ಹಿಡಿದೊಯ್ಯುವುದು ನಿಂತಿತು. ಕಾನೂನು ಮಾತ್ರ ಹಾಗೇ ಇತ್ತು. ಪ್ರಮಾಣ ಮಾಡಿ ಅಮೆರಿಕನ್ ಆದವನು ಇನ್ನು ತನ್ನ ಪ್ರಜೆಯಲ್ಲ ಎಂದು ಬ್ರಿಟನ್ ಒಪ್ಪಿದ್ದು 1870ರಲ್ಲಿ, ವಿಕ್ಟೋರಿಯಾ ರಾಣಿಯ ಕಾಲದಲ್ಲಿ. ನಿಮ್ಮ ಮಗಳು ಹೇಳಿದ ಆ ಸಾಲು ಬಳಕೆಗೆ ಬಂದು ಆಗಲೇ 75 ವರ್ಷವಾಗಿತ್ತು.