ಮಾತ್ರೆಯ ಜೊತೆಗೊಂದು ಗಿಡದ ಕ್ಯಾಪ್ಸೂಲ್?

ಪ್ರಶ್ನೆ: ನನಗೆ 46 ವರ್ಷ. ಮೂರು ವಾರದಿಂದ ಕ್ಷಯರೋಗದ ಮಾತ್ರೆ ನುಂಗುತ್ತಿದ್ದೇನೆ. ಇವು ಯಕೃತ್ತನ್ನು ಕೆಡಿಸಬಹುದೆಂದು ತಿಳಿದ ಮೇಲೆ ನಿದ್ದೆಯಿಲ್ಲ. ಜೊತೆಗೆ ಸಿಲಿಮರಿನ್, ಅರಿಶಿನದಿಂದ ತೆಗೆದ ಕರ್ಕ್ಯುಮಿನ್ ಕ್ಯಾಪ್ಸೂಲ್ ತೆಗೆದುಕೊಳ್ಳಲೇ?

ಉತ್ತರ: ನಿಮ್ಮ ಅಳುಕು ಸುಳ್ಳಲ್ಲ. ಕ್ಷಯದ ಔಷಧಿಗಳಾದ ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಜಿನಮೈಡ್ ಮೂರೂ ಯಕೃತ್ತಿಗೆ ತೊಂದರೆ ಕೊಡಬಲ್ಲವು. ಸಿಲಿಮರಿನ್ ಎಂಬುದು ಮಿಲ್ಕ್ ಥಿಸಲ್ ಎಂಬ ಮುಳ್ಳುಗಿಡದ ಬೀಜದ ಸಾರ. ವಿಪರೀತ ಪ್ಯಾರಸಿಟಮಾಲ್ ಕೊಟ್ಟ ಇಲಿಗಳಲ್ಲಿ ಅದು ಯಕೃತ್ತನ್ನು ವಿಷದಿಂದ ಕಾಯುವ ಗ್ಲುಟಾಥಯೋನ್ ಎಂಬ ವಸ್ತು ಬರಿದಾಗುವುದನ್ನು ತಗ್ಗಿಸಿದೆ. ಆದರೆ ಇಂಥ ಪ್ರಯೋಗಗಳಲ್ಲಿ ಇಲಿಗೆ ಎಷ್ಟೋ ಸಲ ವಿಷ ಕೊಡುವ ಮೊದಲೇ ಸಾರ ಕುಡಿಸಿರುತ್ತಾರೆ! ಕ್ಷಯದ ಔಷಧಿಯ ಜೊತೆ ಮನುಷ್ಯರಿಗೆ ಕೊಟ್ಟು ನೋಡಿದಾಗ ಫಲಿತಾಂಶ ಒಂದೇ ತೆರನಾಗಿಲ್ಲ. ಪ್ಯಾರಸಿಟಮಾಲ್ ವಿಷವೇರಿದವರಿಗೆ ನಾನು ಬರೆಯುವುದು ಅಸಿಟೈಲ್‌ಸಿಸ್ಟೀನ್ ಎಂಬ ಪ್ರತಿವಿಷ, ಗಿಡದ ಸಾರವನ್ನಲ್ಲ. (ಅಮಾನಿಟಾ ಎಂಬ ವಿಷದ ಅಣಬೆ ತಿಂದವರಿಗೆ ಯುರೋಪಿನಲ್ಲಿ ಸಿಲಿಮರಿನ್‌ನ ಮುಖ್ಯ ಅಂಶವಾದ ಸಿಲಿಬಿನಿನ್ ಅನ್ನು ರಕ್ತನಾಳಕ್ಕೆ ಕೊಡುವುದುಂಟು, ಅದು ಬೇರೆ ಕಥೆ.)

ಕರ್ಕ್ಯುಮಿನ್ ವಿಷಯದಲ್ಲಿ ನಾನು ಇನ್ನೂ ಬಿಗಿ. ದೇಹ ಹೆಚ್ಚು ಹೀರಿಕೊಳ್ಳಲೆಂದು ಕರಿಮೆಣಸಿನ ಪೈಪರಿನ್ ಬೆರೆಸಿದ ಕ್ಯಾಪ್ಸೂಲ್‌ಗಳೇ ಕೆಲವರ ಯಕೃತ್ತಿಗೆ ಪೆಟ್ಟು ಕೊಟ್ಟ ವರದಿಗಳಿವೆ. ನಾಳೆ ನಿಮಗೆ ಕಾಮಾಲೆ ಬಂದರೆ ತಪ್ಪು ಯಾವುದರದ್ದೆಂದು ನಿಮ್ಮ ವೈದ್ಯರು ಹೇಗೆ ಹೇಳಬೇಕು?

ಮದ್ಯ ಬೇಡ. ಹೇಳಿದ ದಿನ ರಕ್ತಪರೀಕ್ಷೆ ಮಾಡಿಸಿ. ಬಿಡದ ವಾಕರಿಕೆ, ಗಾಢ ಬಣ್ಣದ ಮೂತ್ರ, ಹಳದಿ ಕಣ್ಣು ಕಂಡರೆ ಮುಂದಿನ ಮಾತ್ರೆ ನುಂಗುವ ಮೊದಲೇ, ಅದೇ ದಿನ ವೈದ್ಯರನ್ನು ಕಾಣಿ. ಬರೀ ಹೆದರಿಕೆಗೆ ಮಾತ್ರೆ ನಿಲ್ಲಿಸಬೇಡಿ.